ಗಿಪಾಲನ ಬೂಷ್ಟು ನಿವಾರಣಾ ತೈಲ

ಹೋದ ಹೊಸವರ್ಷದ ದಿನ ತಾತನ ಎಡೆಗೆ ಇಟ್ಟಿದ್ದ ಒಂಬತ್ತು ಕಿತ್ತಳೆಗಳ ಪೈಕಿ ಒಂದರ ಅಡಿಯಲ್ಲಿ ಎರಡು ಬೆರಳಗಲ ಹಸಿರು ಬೂಷ್ಟು ಇತ್ತು. ನಡೆದದ್ದು ಇಷ್ಟೇ. ಯಾರೂ ಸಾಯಲಿಲ್ಲ, ಯಾರ ಮನೆಯೂ ಬೀಳಲಿಲ್ಲ. ಆದರೆ ಹ್ಯೊನ್ ಗಿಪಾಲನ ಚಿಕ್ಕಪ್ಪ ಆ ಹಣ್ಣನ್ನು ಅಂಗೈ ಮೇಲಿಟ್ಟುಕೊಂಡು, ಬಂದಿದ್ದ ಇಪ್ಪತ್ತಮೂರು ನೆಂಟರಿಗೂ ಒಬ್ಬೊಬ್ಬರಿಗಾಗಿ ತೋರಿಸಿ, "ನಮ್ಮಪ್ಪನಿಗೆ ಇವನು ಬಡಿಸಿದ್ದು ಇದನ್ನ, ನೋಡ್ಕೊಳ್ಳಿ," ಎಂದಿದ್ದರು. ನೆಂಟರು ವಸ್ತುಪ್ರದರ್ಶನಕ್ಕೆ ಬಂದವರಂತೆ ಸಾಲಾಗಿ ನೋಡಿದ್ದರು. ಸಣ್ಣ ಮಕ್ಕಳನ್ನು ಎತ್ತಿ ತೋರಿಸಿದವರೂ ಇದ್ದರು.

"ಇನ್ನೊಂದು ಸಲ ಹೀಗಾದ್ರೆ ನಮ್ಮಪ್ಪನ ಎಡೆ ನಮ್ಮನೇಲಿ ಇಡ್ತೀನಿ," ಎಂದು ಹೇಳಿ ಚಿಕ್ಕಪ್ಪ ಚಪ್ಪಲಿ ಮೆಟ್ಟಿದ್ದರು.

ಜೇಜು ದ್ವೀಪದಲ್ಲಿ ಇದು ಬರಿಯ ಬೆದರಿಕೆಯ ಮಾತಲ್ಲ. ಅಲ್ಲಿ ಅಣ್ಣತಮ್ಮಂದಿರು ಜಮೀನಿನ ಹಾಗೆಯೇ ಹಿರಿಯರ ಎಡೆಗಳನ್ನೂ ಹಂಚಿಕೊಳ್ಳುತ್ತಾರೆ. ಅಪ್ಪನದು ನಿನಗೆ, ಅಮ್ಮನದು ನನಗೆ. ತಾತನ ಎಡೆ ಹಿರಿಯ ಮಗನ ಪಾಲಿಗೆ ಬಂದು, ಆತ ತೀರಿಕೊಂಡ ಮೇಲೆ ಆತನ ಮಗ ಗಿಪಾಲನ ಪಾಲಿಗೆ ಬಂದಿತ್ತು. ವಿಮಿ ಎಂಬ ಆ ಊರಿನಲ್ಲಿ ಗಿಪಾಲನಿಗೆ ಇದ್ದ ಸ್ಥಾನಮಾನವೆಲ್ಲ ಅದೊಂದೇ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅವನನ್ನು ಯಾರೂ ಗಂಟೆ ಎಷ್ಟೆಂದು ಕೂಡ ಕೇಳುತ್ತಿರಲಿಲ್ಲ. (ಮನೆಯಲ್ಲಂತೂ ಅವನಿಗೇ ಗಂಟೆ ಎಷ್ಟೆಂದು ಹೇಳಲಾಗುತ್ತಿತ್ತು, ತುಸು ಗಟ್ಟಿಯಾಗಿ.) ಹೊಸವರ್ಷದ ಬೆಳಿಗ್ಗೆ ಮಾತ್ರ ಇಡೀ ಹ್ಯೊನ್ ವಂಶ ಮೊದಲು ಅವನ ಮನೆಗೆ ಬರುತ್ತಿತ್ತು; ಅವನು ಮುಂದೆ ನಿಂತು ಊದುಬತ್ತಿ ಹಚ್ಚುತ್ತಿದ್ದ; ಅವನು ಬಾಗಿದರೆ ಎಲ್ಲರೂ ಬಾಗುತ್ತಿದ್ದರು. ಐವತ್ತೆಂಟು ವಯಸ್ಸಿನ ಗಂಡಸಿಗೆ ಇಷ್ಟೂ ಬೇಡವೆಂದರೆ ಹೇಗೆ?

ಆದ್ದರಿಂದ ಅವನ ಪರಮವೈರಿ ಚಿಕ್ಕಪ್ಪನಲ್ಲ, ಬೂಷ್ಟು.

ಡಿಸೆಂಬರಿನಲ್ಲಿ ಕೊಯ್ದ ಕಿತ್ತಳೆಯನ್ನು ಹಳದಿ ಕ್ರೇಟುಗಳಲ್ಲಿ ತುಂಬಿ ಎರಡು ತಿಂಗಳು, ಫೆಬ್ರವರಿಯಲ್ಲಿ ಬರುವ ಚಾಂದ್ರಮಾನ ಹೊಸವರ್ಷದವರೆಗೆ, ಕಪ್ಪುಕಲ್ಲಿನ ಉಗ್ರಾಣದಲ್ಲಿ ಇಟ್ಟರೆ ಹುಳಿ ಇಳಿದು ಸಿಹಿ ಏರುತ್ತದೆ. ಆ ಎರಡು ತಿಂಗಳೇ ಕಷ್ಟ. ಮೊದಲ ದಿನ ಒಂದು ಹಣ್ಣಿನ ಮೇಲೆ ಹತ್ತಿಯ ಚೂರಿನಂಥ ಬಿಳಿ ಚುಕ್ಕೆ. ಮರುದಿನ ಅದರ ಮೇಲೆ ಹಸಿರು ಪುಡಿ. ಮೂರನೆಯ ದಿನ ಪಕ್ಕದ ಆರು ಹಣ್ಣುಗಳಿಗೆ ಅದು ನೆಂಟಸ್ತಿಕೆ ಬೆಳೆಸಿರುತ್ತದೆ. ಗಿಪಾಲ ದಿನವೂ ಒಂದು ಬುಟ್ಟಿ ಕೊಳೆತ ಹಣ್ಣು ಆರಿಸಿ ತೋಟದ ಮೂಲೆಗೆ ಸುರಿದು ಬರುತ್ತಿದ್ದ.

"ಎಲ್ರೂ ಔಷಧಿ ಹೊಡೀತಾರೆ, ನೀವೂ ಹೊಡೀರಿ," ಎಂದಳು ಹೆಂಡತಿ ಚುನೊಕ್.

"ತಾತನ ಎಡೆಗೆ ಇಡೋ ಹಣ್ಣು ಕಣೇ. ಅವರು ಬದುಕಿದ್ದಾಗ ತಲೆನೋವಿನ ಮಾತ್ರೆ ಕೂಡ ನುಂಗಿದವರಲ್ಲ."

"ಅದಕ್ಕೇ ಬೇಗ ಹೋದ್ರು."

"ತೊಂಬತ್ತೊಂದು ವರ್ಷ ಇದ್ರು."

"ಮಾತ್ರೆ ನುಂಗಿದ್ರೆ ನಿಮ್ಮ ಚಿಕ್ಕಪ್ಪನಿಗೆ ಅವರೇ ಉತ್ತರ ಕೊಡೋವರೆಗೂ ಇರ್ತಿದ್ರು," ಎಂದು ಚುನೊಕ್ ಅಕ್ಕಿ ತೊಳೆಯಲು ಹೋದಳು.

ಜ್ಞಾನೋದಯ ಆದದ್ದು ಬೆಳೆಗಾರರ ಸಂಘದ ಸಭೆಯಲ್ಲಿ. ಪಟ್ಟಣದಿಂದ ಒಬ್ಬ ಸಂಶೋಧಕಿ ಬಂದು, ಗಿಡಗಳಿಂದ ತೆಗೆದ ಸುಗಂಧ ತೈಲಗಳು ಕೊಯ್ದ ಹಣ್ಣಿನ ಬೂಷ್ಟನ್ನು ಹೇಗೆ ತಡೆಯುತ್ತವೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದಳು. ಲವಂಗ, ದಾಲ್ಚಿನ್ನಿ, ನಿಂಬೆಹುಲ್ಲು, ಬೆಳ್ಳುಳ್ಳಿ. ಎಡಗಡೆಯ ತಟ್ಟೆಯಲ್ಲಿ ಹಸಿರು ಕಾಡು, ಬಲಗಡೆಯ ತಟ್ಟೆಯಲ್ಲಿ ಬೋಳು ಮೈದಾನ. ಗಿಪಾಲ ಇಷ್ಟನ್ನು ಕಣ್ಣರಳಿಸಿ ನೋಡಿದ. ಆಮೇಲೆ ಅಡಿಯಿಂದ ಕಾಯಿಸಿ ಬೆಚ್ಚಗಾಗಿಸಿದ ಸಭಾಂಗಣದ ನೆಲ ತನ್ನ ಕೆಲಸ ಮಾಡಿತು. ಎಷ್ಟು ಹಾಕಬೇಕು, ಎಷ್ಟು ಹಾಕಬಾರದು, ಹೆಚ್ಚಾದರೆ ತೈಲದ ವಾಸನೆ ಹಣ್ಣಿನ ಸಿಪ್ಪೆಯಲ್ಲಿ ಹೇಗೆ ಮನೆ ಮಾಡುತ್ತದೆ ಎಂದು ಆಕೆ ವಿವರಿಸಿದ ಇಪ್ಪತ್ತೈದು ನಿಮಿಷಗಳಲ್ಲಿ ಅವನು ಗೋಡೆಗೊರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಚಪ್ಪಾಳೆಗೆ ಎಚ್ಚರವಾಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಲವಂಗ ಬೆಳೆಯುವುದು ಯಾವುದೋ ದೇಶದಲ್ಲಿ. ಬೆಳ್ಳುಳ್ಳಿ ತೂಗುತ್ತಿದ್ದದ್ದು ಅವನದೇ ಜಗಲಿಯಲ್ಲಿ, ಜಡೆಜಡೆಯಾಗಿ, ಕಂಬದಿಂದ ಕಂಬಕ್ಕೆ. ಚಳಿಗಾಲಕ್ಕೆಂದು ಎಲೆಕೋಸಿನ ಖಾರದ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕಿ ಮುಗಿಸಿದ ಮೇಲೆ ಉಳಿದ ಅದನ್ನು ಚುನೊಕ್ ವರ್ಷಪೂರ್ತಿಗೆಂದು ಕಟ್ಟಿಟ್ಟಿದ್ದಳು. ಅವಳು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಮೂರು ಜಡೆ ಬೋಳಾಗಿದ್ದವು. ಅಡುಗೆಮನೆಯಲ್ಲಿ ಅವಳ ವಿದ್ಯುತ್ ಅನ್ನದ ಕುಕ್ಕರಿನ ಮೂಗಿಗೆ ಔಷಧಿ ಪಂಪಿನ ರಬ್ಬರು ಕೊಳವೆ ಸಿಕ್ಕಿಸಿ, ಕೊಳವೆಯನ್ನು ತಣ್ಣೀರಿನ ಕಿಮ್ಚಿ ಡಬ್ಬಿಯೊಳಗೆ ಮೂರು ಸುತ್ತು ಸುತ್ತಿಸಿ, ಆಚೆ ತುದಿಗೆ ಸೀಸೆ ಹಿಡಿದು ಗಿಪಾಲ ಕುಕ್ಕರಗಾಲಿನಲ್ಲಿ ಕೂತಿದ್ದ. ಕಣ್ಣಲ್ಲಿ ಧಾರಾಕಾರ ನೀರು.

"ಯಾರು ಹೋದ್ರು?" ಎಂದಳು ಚುನೊಕ್.

"ವಿಜ್ಞಾನ ನಡೀತಿದೆ. ಮಧ್ಯೆ ಮಾತಾಡಬೇಡ."

ಅಷ್ಟರಲ್ಲಿ ಕುಕ್ಕರು ತನ್ನ ಇಂಪಾದ ಹೆಣ್ಣುದನಿಯಲ್ಲಿ, "ರುಚಿಯಾದ ಅನ್ನ ಸಿದ್ಧವಾಗಿದೆ. ಚೆನ್ನಾಗಿ ಕಲಸಿ ಬಡಿಸಿ," ಎಂದು ಘೋಷಿಸಿತು.

"ನೋಡಿ, ನಿಮ್ಮ ಜೊತೆ ಅರ್ಧ ದಿನ ಇದ್ದದ್ದಕ್ಕೆ ಅದೂ ಸುಳ್ಳು ಹೇಳೋಕೆ ಕಲೀತು."

ಮೂರು ದಿನ ಈ ಯಜ್ಞ ನಡೆಯಿತು. ಐದು ಕಿಲೋ ಬೆಳ್ಳುಳ್ಳಿ ಆಹುತಿಯಾಗಿ, ಒಂದು ಚಿಕ್ಕ ಸೀಸೆಯ ತಳದಲ್ಲಿ ಹೊಂಬಣ್ಣದ ಎಣ್ಣೆ ಕೂತಿತು. ಗಿಪಾಲ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಪ್ರಕಾರ ಅದು ಜೇನಿನಂತಿತ್ತು. ಚುನೊಕ್ ಪ್ರಕಾರ ಅದು ಮೂರು ಜಡೆ ಬೆಳ್ಳುಳ್ಳಿಯಂತಿತ್ತು. ಆ ಮೂರು ದಿನ ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯಲ್ಲಿ ಅನ್ನ ಬೆಂದಿತು. ನಾಲ್ಕನೆಯ ದಿನದಿಂದ ಸ್ವಂತ ಕುಕ್ಕರಿನಲ್ಲಿ ಬೆಂದ ಅನ್ನಕ್ಕೆ ಬೇರೆ ವ್ಯಂಜನವೇ ಬೇಕಿರಲಿಲ್ಲ.

ಎಷ್ಟು ಹಾಕಬೇಕೆಂದು ಗೊತ್ತಿಲ್ಲದವನು ಸಾಮಾನ್ಯವಾಗಿ ಸ್ವಲ್ಪ ಹಾಕುತ್ತಾನೆ. ಗಿಪಾಲ ತಾತನ ಮಾನ ಉಳಿಸುವ ಕೆಲಸದಲ್ಲಿ ಜಿಪುಣತನ ಸಲ್ಲದೆಂದು ಪೂರ್ತಿ ಸೀಸೆಯನ್ನು ಸೋಜು ಹೆಂಡದಲ್ಲಿ ಕದಡಿ ಕ್ರೇಟುಗಳ ಮೇಲೆಲ್ಲ ಚಿಮುಕಿಸಿದ. ಉಳಿದದ್ದರಲ್ಲಿ ಹಳೆಯ ಪಂಚೆಯ ಚೂರುಗಳನ್ನು ಅದ್ದಿ ಉಗ್ರಾಣದ ತೊಲೆಗಳಿಗೆ ತೋರಣ ಕಟ್ಟಿ ಬಾಗಿಲು ಮುಚ್ಚಿದ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಎಣ್ಣೆ ಕೆಲಸ ಮಾಡಿತು. ವಾರ ಕಳೆಯಿತು, ಬೂಷ್ಟಿಲ್ಲ. ತಿಂಗಳು ಕಳೆಯಿತು, ದಿನಕ್ಕೊಂದು ಬುಟ್ಟಿ ಕೊಳೆಯುತ್ತಿದ್ದ ಕಡೆ ಒಟ್ಟು ಸಿಕ್ಕಿದ್ದು ನಾಲ್ಕೇ ನಾಲ್ಕು ಕೊಳೆತ ಹಣ್ಣು. ಗಿಪಾಲ ಆ ನಾಲ್ಕನ್ನೂ ಎಸೆಯದೆ, ಯುದ್ಧಕೈದಿಗಳಂತೆ ಕಿಟಕಿಯಲ್ಲಿ ಸಾಲಾಗಿ ಕೂರಿಸಿದ. ಊರವರು ನೋಡಲು ಬಂದರು. ಬಂದವರಿಗೆ ಅವನು ಅಕ್ಕಿಹೆಂಡ, ಕಿಮ್ಚಿ, ಕೊನೆಯಲ್ಲಿ ಒಂದೊಂದು ಕಿತ್ತಳೆ ಕೊಟ್ಟು ಮುಖ ನೋಡುತ್ತಿದ್ದ.

ಆಚೆ ತೋಟದ ಕಾಂಗ್ ಎಂಬವನು ಕಿಮ್ಚಿ ಅಗಿಯುತ್ತಲೇ ಎರಡು ತೊಳೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದ. "ಹೋದ ವರ್ಷದ್ದು ಬರೀ ಸಿಹಿ ಇತ್ತಪ್ಪ. ಇದ್ರಲ್ಲಿ ಏನೋ ಒಂದು ಗತ್ತಿದೆ."

"ಗತ್ತು," ಎಂದು ಗಿಪಾಲ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ತಾ?"

ಬೆಳ್ಳುಳ್ಳಿಯಿಲ್ಲದೆ ಬೆಳಗಿನ ತಿಂಡಿ ಕೂಡ ಮಾಡದ ಊರು ಅದು. ಪಲ್ಯದಲ್ಲಿ ಬೆಳ್ಳುಳ್ಳಿ, ಸಾರಿನಲ್ಲಿ ಬೆಳ್ಳುಳ್ಳಿ, ಮಾಂಸದ ಜೊತೆ ಹಸಿ ಬೆಳ್ಳುಳ್ಳಿ. ಮೀನಿಗೆ ನೀರು ಒದ್ದೆಯೆಂದು ಗೊತ್ತಾಗುವುದು ಹೇಗೆ? ಚುನೊಕ್ ಮಾತ್ರ ಒಂದು ಹಣ್ಣನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ಕೇಳಿದಳು:

"ಎಡೆಗೂ ಇವೇ ಹಣ್ಣಾ?"

"ಮತ್ತೆ? ಇಷ್ಟೆಲ್ಲ ಒದ್ದಾಡಿದ್ದು ಯಾತಕ್ಕೆ?"

"ಸುಮ್ನೆ ಕೇಳ್ದೆ," ಎಂದು ಅವಳು ಹಣ್ಣನ್ನು ಕ್ರೇಟಿಗೆ ವಾಪಸು ಹಾಕಿದಳು.

ಹೊಸವರ್ಷದ ಹಿಂದಿನ ದಿನ ಚುನೊಕ್ ಅಡುಗೆಮನೆಯಿಂದ ಬೆಳ್ಳುಳ್ಳಿ, ಮೆಣಸಿನಪುಡಿಗಳನ್ನು ಹೊರಗೆ ಹಾಕಿದಳು. ಮೂವತ್ತೊಂದು ವರ್ಷಗಳಿಂದ ಅವಳು ತಪ್ಪದೆ ಮಾಡಿಕೊಂಡು ಬಂದ ಕೆಲಸ ಅದು. ಹಿರಿಯರ ಎಡೆಗೆ ಅವೆರಡೂ ಸಲ್ಲವು. ಅವು ಪ್ರೇತಗಳನ್ನು ಓಡಿಸುತ್ತವೆ. ಬಂದದ್ದು ಹಾಳು ಪ್ರೇತವೋ ಮನೆಯ ಯಜಮಾನರದೋ ಎಂದು ವಿಚಾರಿಸುವ ವ್ಯವಧಾನ ಬೆಳ್ಳುಳ್ಳಿಗಿಲ್ಲ. ಈ ನಿಯಮ ಗಿಪಾಲನಿಗೆ ಗೊತ್ತಿರಲಿಲ್ಲವೇ? ಹಾಲು ಕುಡಿಯುವ ವಯಸ್ಸಿನಿಂದ ಗೊತ್ತಿತ್ತು. ಆದರೆ ಅದು ಅಡುಗೆಯ ಬೆಳ್ಳುಳ್ಳಿಗೆ ಸಂಬಂಧಿಸಿದ್ದು, ಅಂದರೆ ಹೆಂಡತಿಯ ಇಲಾಖೆ. ಅವನ ಸೀಸೆಯಲ್ಲಿದ್ದದ್ದು ತೈಲ, ಅದು ವಿಜ್ಞಾನ. ಎರಡೂ ಇಲಾಖೆಗಳ ನಡುವೆ ಪತ್ರವ್ಯವಹಾರ ಇರಲಿಲ್ಲ.

ಅವಳು ದಿನವಿಡೀ ನೆಲದ ಮೇಲೆ ಬಾಣಲೆಯ ಮುಂದೆ ಕೂತು ಹುರುಳಿ ಹಿಟ್ಟಿನ ದೋಸೆ, ಮೀನಿನ ಹೋಳು, ತೋಫು, ಹಂದಿಮಾಂಸದ ಕಡ್ಡಿಗಳನ್ನು ಒಂದೊಂದಾಗಿ ಬೇಯಿಸಿದಳು. ಎಡೆಯ ಅನ್ನಕ್ಕೆ ಪಕ್ಕದ ಮನೆಯ ಪಾತ್ರೆ ಮತ್ತೆ ಎರವಲು ಬಂತು. ಗಿಪಾಲ ನಡುನಡುವೆ ಬಂದು ಆಕಾರ ಕೆಟ್ಟಿದ್ದನ್ನು ತಿಂದು ಸಹಕರಿಸಿದ.

ಬೆಳಿಗ್ಗೆ ವಂಶವೆಲ್ಲ ಬಂದು ಸೇರಿತು. ಯಾರೂ ಇನ್ನೂ ಏನೂ ತಿಂದಿರಲಿಲ್ಲ. ಎಲ್ಲರ ಬಾಯಿ ಶುದ್ಧ, ಮೂಗು ಚುರುಕು. ನೆಲದಡಿಯ ಕಾವು ಏರಿ ಕೋಣೆ ಹಿತವಾಗಿ ಬೆಚ್ಚಗಿತ್ತು. ಗೋಡೆಯ ಮೇಲೆ ತಾತನ ಪಟ, ಅದರ ಮುಂದೆ ಎಡೆಮೇಜು. ಮುಂದಿನ ಸಾಲಿನಲ್ಲಿ ಗಿಪಾಲನ ಒಂಬತ್ತು ಕಿತ್ತಳೆ, ಗೋಪುರದಂತೆ. ಚಿಕ್ಕಪ್ಪ ಬಂದವರೇ ಒಂದೊಂದನ್ನೂ ಎತ್ತಿ ಅಡಿ ನೋಡಿದರು. ಕನ್ನಡಕ ಹಾಕಿ ಇನ್ನೊಮ್ಮೆ ನೋಡಿದರು.

"ಒಂದು ಚುಕ್ಕೆ ಇಲ್ಲ," ಎಂದರು, ನಿರಾಸೆಯೋ ಮೆಚ್ಚುಗೆಯೋ ತಿಳಿಯದಂತೆ.

"ಗಿಡಮೂಲಿಕೆ ತೈಲ, ಚಿಕ್ಕಪ್ಪ. ನಾನೇ ತೆಗೆದದ್ದು," ಎಂದ ಗಿಪಾಲ. ಆ ಕ್ಷಣದಲ್ಲಿ ಅವನ ಎತ್ತರ ಎರಡು ಇಂಚು ಹೆಚ್ಚಾಗಿತ್ತೆಂದು ನೆಂಟರು ಆಮೇಲೂ ಹೇಳುತ್ತಿದ್ದರು.

ಚಿಕ್ಕಪ್ಪ ಪದ್ಧತಿಯಂತೆ ಚಾಕು ತೆಗೆದು, ತಾತನಿಗೆ ತಿನ್ನಲು ಸುಲಭವಾಗಲೆಂದು, ಒಂಬತ್ತು ಹಣ್ಣುಗಳ ತಲೆಯನ್ನೂ ದುಂಡಗೆ ಕತ್ತರಿಸಿದರು.

ಗಿಪಾಲ ಊದುಬತ್ತಿ ಹಚ್ಚಿದ. ಹೆಂಡ ಎರೆದ. ತಾತ ಒಳಗೆ ಬರಲೆಂದು ಬಾಗಿಲು ತೆರೆದಿಟ್ಟರು. ಅನ್ನದಲ್ಲಿ ಚಮಚ ನೆಟ್ಟು, ಹಿರಿಯರು ನಿಶ್ಚಿಂತೆಯಿಂದ ಒಂಬತ್ತು ತುತ್ತು ಉಣ್ಣಲೆಂದು ಎಲ್ಲರೂ ಹಣೆ ನೆಲಕ್ಕೆ ಹಚ್ಚಿ ಸುಮ್ಮನೆ ಮಲಗಿದರು. ಗಡಿಯಾರದ ಟಿಕ್‌ಟಿಕ್ ಒಂದೇ.

ಆ ಮೌನದಲ್ಲಿ ಯಾರೋ ಮೂಸಿದ ಸದ್ದಾಯಿತು. ನಂತರ ಇನ್ನೊಬ್ಬರು. ಬೆಚ್ಚಗಿನ ಕೋಣೆಯಲ್ಲಿ, ಕತ್ತರಿಸಿದ ತಲೆಗಳಿಂದ ಹೊರಟ ಆ ಗತ್ತು ನಿಧಾನವಾಗಿ ಮೇಜಿನಿಂದ ಇಳಿದು, ಇಪ್ಪತ್ತನಾಲ್ಕು ಬಾಗಿದ ಬೆನ್ನುಗಳ ಮೇಲೆ ಹರಡಿತು. ತಿಂಗಳಿಡೀ ಊರಿನ ಬೆಳ್ಳುಳ್ಳಿಯ ನಡುವೆ ಗುಟ್ಟಾಗಿದ್ದದ್ದು, ಊರಿನಲ್ಲಿ ಬೆಳ್ಳುಳ್ಳಿಯೇ ಇಲ್ಲದ ಒಂದೇ ಒಂದು ಕೋಣೆಯಲ್ಲಿ ಒಬ್ಬಂಟಿಯಾಗಿ ಎದ್ದು ನಿಂತಿತು.

ಚಿಕ್ಕಪ್ಪ ತಲೆಯೆತ್ತಿದರು. "ಎಡೆಗೆ ಬೆಳ್ಳುಳ್ಳಿ ಯಾರು ಹಾಕಿದ್ದು?"

ಎಲ್ಲರೂ ಚುನೊಕ್ ಕಡೆ ನೋಡಿದರು. ಅಡುಗೆ ಮಾಡಿದವಳು ಅವಳು ತಾನೇ.

"ನಾನು ಹಾಕಿಲ್ಲ, ಚಿಕ್ಕಪ್ಪ," ಎಂದಳು ಚುನೊಕ್, ಕೈಕಟ್ಟಿ ನಿಂತು.

"ಮತ್ತೆ ಇದೇನು? ಅಪ್ಪ ಹೊಸಿಲಿಗೆ ಬಂದು ಹಿಂದಕ್ಕೆ ಹೋಗಿರ್ತಾರೆ. ಮೂವತ್ತು ವರ್ಷ ಎಡೆ ಬೇಯಿಸಿದವಳು ನೀನು, ನಿನಗೂ ಹೇಳಿಕೊಡಬೇಕಾ?"

ಚಿಕ್ಕಪ್ಪ ಎದ್ದು ಮೇಜಿನ ಬಲಗಡೆಯಿಂದ ಮೂಸುತ್ತ ಹೊರಟರು. ಮೀನು. ಇಲ್ಲ. ಮಾಂಸ. ಇಲ್ಲ. ತೋಫು, ಸೊಪ್ಪು, ದೋಸೆ. ಪ್ರತಿ ತಟ್ಟೆಯ ಮುಂದೂ ನಿಂತು ಚುನೊಕ್ ಮುಖ ನೋಡುತ್ತಿದ್ದರು. ಗಿಪಾಲನಿಗೆ ಅಷ್ಟರಲ್ಲಿ ಎಲ್ಲವೂ ಅರ್ಥವಾಗಿತ್ತು. ಅವನ ತಲೆಯಲ್ಲಿ ಒಂದು ಲೆಕ್ಕಾಚಾರ ನಡೆಯಿತು. ಅಡುಗೆಯವಳ ಕೈತಪ್ಪು ಎಂದರೆ ಬೈದು ಬಿಟ್ಟುಬಿಡಬಹುದು, ಎಡೆ ಮನೆಯಲ್ಲೇ ಉಳಿಯುತ್ತದೆ. ಯಜಮಾನನೇ ಬೆಳ್ಳುಳ್ಳಿಯ ತೋರಣ ಕಟ್ಟಿ ತಾತನನ್ನು ಓಡಿಸಿದನೆಂದರೆ? ಅವನು ಬಾಯಿ ತೆರೆದ. ಮುಚ್ಚಿದ. ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಬಸ್ಸು ಕಾಯುವವರ ತಾಳ್ಮೆಯಿಂದ.

ಗಡಿಯಾರ ಹತ್ತು ಸಲ ಟಿಕ್ಕೆಂದಿತು.

"ನಾನೇ," ಎಂದ ಗಿಪಾಲ ಕೊನೆಗೆ, ತನ್ನ ಕಾಲ್ಚೀಲಕ್ಕೆ ಹೇಳುವವನಂತೆ. "ಕಿತ್ತಳೆ. ಆ ತೈಲ... ಬೆಳ್ಳುಳ್ಳಿದು."

ಚಿಕ್ಕಪ್ಪ ಒಂದು ಹಣ್ಣೆತ್ತಿ ಮೂಸಿ, ಕೈಯನ್ನು ತಟ್ಟನೆ ದೂರ ಚಾಚಿದರು. ಹೋದ ವರ್ಷದ ಹಾಗೆ ಈ ವರ್ಷ ಯಾರಿಗೂ ಹಣ್ಣು ತೋರಿಸುವ ಅಗತ್ಯ ಇರಲಿಲ್ಲ. ಅದು ಕೂತಲ್ಲಿಯೇ ಎಲ್ಲರಿಗೂ ತಲುಪುತ್ತಿತ್ತು.

"ಹೋದ ವರ್ಷ ಬೂಷ್ಟು ಹಿಡಿದದ್ದಾದ್ರೂ ತಿಂದ್ಕೊಂಡು ಹೋದ್ರು," ಎಂದರು ಚಿಕ್ಕಪ್ಪ ನಿಧಾನವಾಗಿ. "ಈ ವರ್ಷ ಉಪವಾಸ ಕಳಿಸಿದ್ಯಲ್ಲೋ. ಮುಗೀತು. ಇನ್ಮೇಲೆ ನಮ್ಮಪ್ಪನ ಎಡೆ ನಮ್ಮನೇಲಿ."

ಗಿಪಾಲ ಬೇಡಿಕೊಂಡ. ಹಣ್ಣು ಬದಲಿಸೋಣ, ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಿ ತಾತನನ್ನು ಮತ್ತೆ ಕರೆಯೋಣ ಎಂದ. ಹಣ್ಣು ಬದಲಿಸಿದರು, ಗಾಳಿಯಾಡಿಸಿದರು, ಮತ್ತೆ ಕರೆದರು. ಆದರೆ ತೀರ್ಪು ಬದಲಾಗಲಿಲ್ಲ. ಚುನೊಕ್ ಆಗಲೇ ಎಡೆಯ ಹಿತ್ತಾಳೆ ಬಟ್ಟಲುಗಳನ್ನು ತೊಳೆದು, ಒರೆಸಿ, ನಡುನಡುವೆ ವೃತ್ತಪತ್ರಿಕೆ ಇಟ್ಟು ಎರಡು ಹಳದಿ ಕ್ರೇಟುಗಳಲ್ಲಿ ಜೋಡಿಸಿ ಬಾಗಿಲ ಬಳಿ ತಂದಿಟ್ಟಿದ್ದಳು. ಅಷ್ಟು ಬೇಗ ಅವಳು ಯಾವ ಕೆಲಸವನ್ನೂ ಮಾಡಿದ್ದನ್ನು ಗಿಪಾಲ ಕಂಡಿರಲಿಲ್ಲ.

ಚಿಕ್ಕಮ್ಮ ಆ ಕ್ರೇಟುಗಳನ್ನು ನೋಡಿ ಕಂಗಾಲಾದರು. "ಇವರಿಗೇನು, ಹೇಳಿಬಿಟ್ರು. ನನ್ನ ಮಂಡಿ ನೋವಲ್ಲಿ ದಿನವಿಡೀ ಬಾಣಲೆ ಮುಂದೆ ಕೂರೋರು ಯಾರು?"

"ನಾನಿದ್ದೀನಲ್ಲ, ಚಿಕ್ಕಮ್ಮ. ಯೋಚಿಸಬೇಡಿ," ಎಂದಳು ಚುನೊಕ್.

ಗಿಪಾಲನ ಕಣ್ಣು ತುಂಬಿ ಬಂತು. ಇಂಥ ಹೆಂಡತಿಯ ಮೇಲೆ ತಪ್ಪು ಬೀಳಲೆಂದು ಹತ್ತು ಕ್ಷಣ ಕಾದೆನಲ್ಲ ಎಂದು ನಾಚಿಕೆಯೂ ಆಯಿತು.

"ನಾನಿದ್ದೀನಿ," ಎಂದು ಚುನೊಕ್ ಮುಂದುವರಿಸಿದಳು. "ಇವರನ್ನ ಕಳಿಸಿಕೊಡ್ತೀನಿ."

ಕೋಣೆಯಲ್ಲಿ ಯಾರೂ ನಗಲಿಲ್ಲ, ಅದೇ ಭಯಂಕರವಾಗಿತ್ತು. ಚಿಕ್ಕಪ್ಪ ಗಡ್ಡ ಸವರಿಕೊಂಡು, "ನ್ಯಾಯ. ಓಡಿಸಿದವನೇ ಬೇಯಿಸಿ ಕರೀಲಿ," ಎಂದರು. ಹೊರಡುವಾಗ ಗಿಪಾಲನನ್ನು ಬೇಲಿಯ ಮರೆಗೆ ಕರೆದು, ದನಿ ತಗ್ಗಿಸಿ ಕೇಳಿದರು: "ಆ ಎಣ್ಣೆ ಇನ್ನೂ ಇದ್ಯೇನೋ? ನಮ್ಮ ಉಗ್ರಾಣದಲ್ಲೂ ಬೂಷ್ಟು ವಿಪರೀತ. ಎಡೆಗಲ್ಲ. ಮಾರೋದಕ್ಕೆ."

ಶರತ್ಕಾಲದ ಸುಗ್ಗಿಹಬ್ಬಕ್ಕೆ ಗಿಪಾಲ ಹಿಂದಿನ ದಿನವೇ ಚಿಕ್ಕಪ್ಪನ ಮನೆಗೆ ಹೋದ. ಒಳಗೆ ಬಿಡುವ ಮೊದಲು ಚಿಕ್ಕಪ್ಪ ಅವನ ಎರಡೂ ಅಂಗೈಗಳನ್ನು ಮೂಸಿ ನೋಡಿದರು. ಮೊದಲ ಆರು ದೋಸೆ ಹರಿದವು, ಏಳನೆಯದು ಸೀದಿತು. ಎಂಟನೆಯದರಿಂದ ಕೈ ಕೂತಿತು. ಸಂಜೆಯ ಹೊತ್ತಿಗೆ ಸೊಂಟ ಹಿಡಿದು, ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡಿದ್ದರೂ, ಬುಟ್ಟಿಯಲ್ಲಿ ನೂರಾ ಇಪ್ಪತ್ತು ದೋಸೆ ಕಾಗದದಷ್ಟು ತೆಳ್ಳಗೆ, ಒಂದೇ ಅಳತೆಯಲ್ಲಿ ಪೇರಿಕೊಂಡಿದ್ದವು. ಮುಂಗೋಣೆಯಲ್ಲಿ ಚುನೊಕ್ ನೆಂಟರ ಹೆಂಗಸರ ನಡುವೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು.

ಚಿಕ್ಕಪ್ಪ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಗಿಪಾಲ ಸಟ್ಟುಗ ಕೆಳಗಿಟ್ಟು ಅವರ ಬಾಯಿ ನೋಡಿದ.

"ನಮ್ಮಮ್ಮ ಮಾಡ್ತಿದ್ದ ಹಾಗೇ ಇದೆ," ಎಂದರು ಚಿಕ್ಕಪ್ಪ. "ಇಷ್ಟು ವರ್ಷ ಈ ಕೈನ ಊದುಬತ್ತಿ ಹಚ್ಚೋಕೆ ಬಿಟ್ಟು ಹಾಳು ಮಾಡಿದ್ವಿ. ಅಮ್ಮನ ಎಡೆಗೂ ಇವನೇ ಬೇಯಿಸ್ಲಿ."

ಗಿಪಾಲ ಮೈಮರೆತು ತಲೆಬಾಗಿದ. ವಂಶದ ಹಿರಿಯರು ಅವನನ್ನು ಹೊಗಳಿದ್ದು ಜನ್ಮದಲ್ಲಿ ಇದೇ ಮೊದಲು. ಒಪ್ಪಿಕೊಂಡದ್ದು ಏನನ್ನು ಎಂಬುದು ತಲೆಗೆ ಹೋಗುವಷ್ಟರಲ್ಲಿ ಮುಂಗೋಣೆಯಿಂದ ಚುನೊಕ್ ದನಿ ಕೇಳಿಸಿತು:

"ಮುಂದಿನ ತಿಂಗಳು ನಮ್ಮಪ್ಪನ ಎಡೆ ಇದೆ ರೀ, ನಮ್ಮಣ್ಣನ ಮನೇಲಿ. ಅತ್ತಿಗೆಗೂ ಕೈ ಸಾಲ್ತಿಲ್ಲವಂತೆ, ಬರ್ತೀರಿ ಅಂತ ಹೇಳಿದ್ದೀನಿ. ಇನ್ನೊಂದು ಬಿಸಿ ದೋಸೆ ಈ ಕಡೆ ಕಳಿಸಿ."